ಬಾಣಂತನದ ಖರ್ಚು ಯಾರದು?

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹಡೆದ ಹೆಂಗಸನ್ನು ವಾರಗಟ್ಟಲೆ ಒಳಕೋಣೆಯಲ್ಲಿ ಇಡುವುದಕ್ಕೆ ಜನ ಮೂರು ಕಾರಣ ಹೇಳುತ್ತ ಬಂದಿದ್ದಾರೆ. ಮೈಲಿಗೆ ಒಂದು. ಹಸಿ ಮೈಗೆ ತಂಪು ತಾಗಿದರೆ ಸನ್ನಿಯಾಗುತ್ತದೆ ಎಂಬುದು ಇನ್ನೊಂದು. ಎಳೆಗೂಸಿಗೆ ಕಣ್ಣು ಬೀಳುತ್ತದೆ, ಗಾಳಿ ಸೋಕುತ್ತದೆ, ಗ್ರಹ ಹಿಡಿಯುತ್ತದೆ ಎಂಬುದು ಮೂರನೆಯದು. ಬಾಣಂತನದ ಬಗ್ಗೆ ಬರೆದವರು ಹೆಚ್ಚಾಗಿ ಈ ಮೂರನ್ನೇ ಹಿಡಿದುಕೊಂಡಿದ್ದಾರೆ. ಸುಧಾರಕರು ಮೂರನ್ನೂ ಮೂಢನಂಬಿಕೆ ಎಂದು ತಳ್ಳಿದರು, ಹಳೆಯದನ್ನು ಹೊಗಳುವವರು ಮೂರರ ಒಳಗೂ ವಿಜ್ಞಾನವಿದೆ ಎಂದು ವಾದಿಸಿದರು. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಆಕೆ ಒಳಗೆ ಮಲಗಿದ್ದ ಅಷ್ಟೂ ದಿನ ಆಕೆಯ ಪಾಲಿನ ಜೋಳ ಬೀಸಿದವರು ಯಾರು, ನೀರು ಹೊತ್ತವರು ಯಾರು, ಕುಳ್ಳು ತಟ್ಟಿದವರು ಯಾರು, ಹೊಲದ ಕಳೆ ತೆಗೆದವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಈ ಮೂರು ತಾಲ್ಲೂಕುಗಳ ಬಾಣಂತನದ ಚರಿತ್ರೆಯ ರೂಪವೇ ಬೇರೆಯಾಗುತ್ತದೆ. ಅದು ಮೊದಲಿಗೆ ಒಂದು ರಜೆಯ ವ್ಯವಸ್ಥೆ. ಮೈಲಿಗೆ, ತಂಪು, ಗ್ರಹ ಎಲ್ಲವೂ ಆ ರಜೆಯನ್ನು ಮನೆಯವರಿಂದ ಮಂಜೂರು ಮಾಡಿಸಿಕೊಳ್ಳಲು ಒದಗಿದ ಕಾರಣಗಳು. ಮತ್ತು ಎಲ್ಲ ರಜೆಗಳ ಹಾಗೆ ಇದೂ ಎಲ್ಲರಿಗೆ ಸಿಕ್ಕದ್ದಲ್ಲ.

ಮೈಲಿಗೆಯ ವಿವರಣೆಯೇ ಹೆಚ್ಚು ಬಲವಾದದ್ದೆಂದು ಎಣಿಕೆಯಿರುವುದರಿಂದ ಮೊದಲು ಅದನ್ನು ಪರೀಕ್ಷಿಸಬೇಕು. ನಿಜಾಮರ ರಾಜ್ಯದ ಜಾತಿ-ಬುಡಕಟ್ಟುಗಳ ಬಗ್ಗೆ ಸೈಯದ್ ಸಿರಾಜುಲ್ ಹಸನ್ ಬರೆದ ದೊಡ್ಡ ಗ್ರಂಥ 1920ರಲ್ಲಿ ಪ್ರಕಟವಾಯಿತು. ಕಲಬುರಗಿ ಜಿಲ್ಲೆಯೂ ಆ ರಾಜ್ಯದೊಳಗೆ ಇತ್ತು. ಜನನದ ಆಚರಣೆಗಳ ಮಾತು ಬಂದಾಗ ಆ ಗ್ರಂಥ ಹೆತ್ತವಳ ಮೈಲಿಗೆ ಎಷ್ಟು ದಿನ ಎಂಬ ಲೆಕ್ಕಕ್ಕೆ ಗಮನ ಕೊಡುತ್ತದೆ. ಆ ಕಾಲದ ಜಾತಿಶಾಸ್ತ್ರ ಕೇಳುತ್ತಿದ್ದುದೇ ಅದನ್ನು: ಯಾರು ಯಾರನ್ನು ಮುಟ್ಟುವುದಿಲ್ಲ, ಎಷ್ಟು ದಿನ ಮುಟ್ಟುವುದಿಲ್ಲ. ಅಡುಗೆ ಮಾಡಿದವರ ಲೆಕ್ಕ ಅದರ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆದರೆ ಊರಿನ ವಾಡಿಕೆಯಲ್ಲಿ ಎರಡು ಕ್ಯಾಲೆಂಡರುಗಳು ಜೊತೆಜೊತೆಯಾಗಿ ನಡೆಯುತ್ತವೆ. ಮೈಲಿಗೆ ಐದು, ಒಂಬತ್ತು, ಹನ್ನೊಂದು, ಹೆಚ್ಚೆಂದರೆ ಹದಿಮೂರು ದಿನಕ್ಕೆ ಕಳೆಯುತ್ತದೆ. ಮನೆ ಸಾರಿಸಿ, ತಲೆಗೆ ಎರೆದು, ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಆಕೆಯನ್ನು ಮುಟ್ಟಲು ಯಾರಿಗೂ ಅಡ್ಡಿಯಿಲ್ಲ. ಬಾಣಂತನ ಮಾತ್ರ ಆಮೇಲೂ ಮುಂದುವರಿಯುತ್ತದೆ. ಅನುಕೂಲ ಇದ್ದಲ್ಲಿ 40 ದಿನ, ಚೊಚ್ಚಲಾದರೆ ಮೂರು ತಿಂಗಳು, ಐದು ತಿಂಗಳು. ಮೈಲಿಗೆಯೇ ಇಡೀ ಕಾರಣವಾಗಿದ್ದರೆ ಹದಿನಾಲ್ಕನೆಯ ದಿನ ಆಕೆ ಒಲೆ ಮುಂದೆ ಕೂತು ರೊಟ್ಟಿ ಬಡಿಯಬೇಕಿತ್ತು.

ಇನ್ನೊಂದು ಸಾಕ್ಷಿ ಇದಕ್ಕಿಂತ ಗಟ್ಟಿಯಾದದ್ದು. ಈ ಸೀಮೆಯ ಒಕ್ಕಲು ಮನೆಗಳಲ್ಲಿ ದೊಡ್ಡ ಪಾಲು ಲಿಂಗಾಯತರದು. ಪಕ್ಕದ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬೆಳೆದ ಶರಣಪಂಥ ಪಂಚಸೂತಕಗಳನ್ನು ನಿರಾಕರಿಸಿತು, ಅವುಗಳಲ್ಲಿ ಜನನಸೂತಕವೂ ಒಂದು. ಲಿಂಗ ಕಟ್ಟಿದ ಮೈಗೆ ಹೊಲೆಯಿಲ್ಲ ಎಂಬ ನಿಲುವು ಅದು. ಹುಟ್ಟಿದ ಕೂಸಿಗೆ ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸುವ ವಾಡಿಕೆ ಅದರಿಂದಲೇ ಬಂದದ್ದು. ತತ್ವದಲ್ಲಿ ಸೂತಕ ಇಲ್ಲದ ಈ ಮನೆಗಳೂ ಬಾಣಂತಿಯನ್ನು 40 ದಿನ ಒಳಗಿಟ್ಟೇ ನೋಡಿಕೊಂಡಿವೆ. ಎಷ್ಟೋ ಮನೆಗಳಲ್ಲಿ ಸೂತಕವೂ ಹಿಂಬಾಗಿಲಿನಿಂದ ವಾಪಸು ಬಂದಿದೆ, ಆ ಮಾತು ಬೇರೆ. ದಖ್ಖನಿನ ಮುಸಲ್ಮಾನರ ಆಚಾರಗಳ ಬಗ್ಗೆ ಜಾಫರ್ ಶರೀಫ್ ಬರೆದು, ಮದ್ರಾಸಿನ ಸೇವೆಯಲ್ಲಿದ್ದ ವೈದ್ಯ ಹರ್ಕ್ಲಾಟ್ಸ್ ಇಂಗ್ಲಿಷಿಗೆ ತಂದ 'ಕಾನೂನ್-ಎ-ಇಸ್ಲಾಂ' 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಆರನೆಯ ದಿನದ ಛಟ್ಟಿ, 40ನೆಯ ದಿನದ ಚಿಲ್ಲಾ ಎರಡರ ವರ್ಣನೆಯೂ ಇದೆ. 40 ದಿನದ ಮಿತಿಗೆ ಅವರ ಧರ್ಮಶಾಸ್ತ್ರದ ಆಧಾರವಿದೆ, ಆರನೆಯ ದಿನದ್ದು ಇಲ್ಲಿನ ಮಣ್ಣಿನದು. ಧರ್ಮ ಬೇರೆ, ಮೈಲಿಗೆಯ ಕಲ್ಪನೆ ಬೇರೆ, ದೇವರು ಬೇರೆ. ಹೀಗಿದ್ದೂ ಆಳಂದದ ಲಾಡ್ಲೆ ಮಶಾಯಖರ ದರ್ಗಾದ ಓಣಿಯ ಬಾಣಂತಿ, ಪಕ್ಕದ ಓಣಿಯ ಲಿಂಗಾಯತ ಬಾಣಂತಿ, ಗಾಣಗಾಪುರದ ಬ್ರಾಹ್ಮಣ ಬಾಣಂತಿ ಹೆಚ್ಚುಕಡಿಮೆ ಒಂದೇ ದಿನಚರಿಯಲ್ಲಿ, ಒಂದೇ ಅಳವಿ ಪಾಯಸ, ಅಂಟಿನುಂಡಿಗಳ ಮೇಲೆ ಚೇತರಿಸಿಕೊಂಡಿದ್ದಾರೆ. ಮೂವರಿಗೂ ಸಮಾನವಾದದ್ದು ಹಡೆದ ಮೈ, ಮತ್ತು ಹೊರಗೆ ಕಾದಿರುವ ಕೆಲಸ.

ಆ ಕೆಲಸದ ಅಳತೆ ಗೊತ್ತಿಲ್ಲದೆ ಈ ರಜೆಯ ಬೆಲೆ ತಿಳಿಯುವುದಿಲ್ಲ. ಇದು ಬಿಳಿಜೋಳದ ನಾಡು. ಹಿಟ್ಟಿನ ಗಿರಣಿ ಬರುವ ಮುಂಚೆ ಮನೆಮಂದಿಗೆ ಬೇಕಾದ ಜೋಳವನ್ನು ನಸುಕಿನಲ್ಲಿ ಎದ್ದು ಬೀಸಬೇಕಿತ್ತು. ಭೀಮೆಯ ದಂಡೆಯ ಊರುಗಳನ್ನು ಬಿಟ್ಟರೆ ನೀರು ದೂರ, ಬಾವಿ ಆಳ. ಕಪ್ಪು ಎರೆಭೂಮಿಯಲ್ಲಿ ಗಿಡಮರ ಕಡಿಮೆ, ಹೀಗಾಗಿ ಉರುವಲೆಂದರೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಇವನ್ನು ಕೂಡಿಹಾಕುವವರು ಹೆಂಗಸರೇ. ಬಾಣಂತನ ಆಕೆಯನ್ನು ಈ ಕೆಲಸಗಳಿಂದ ಬಿಡಿಸುವುದರ ಜೊತೆಗೆ ಅದೇ ಕೆಲಸಗಳನ್ನು ಮನೆಗೆ ದುಪ್ಪಟ್ಟಾಗಿಸುತ್ತಿತ್ತು. ದಿನಾ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು, ಕೂಸಿನ ಅರಿವೆ ಒಗೆಯಬೇಕು, ಹೊರಸಿನ ಬುಡದ ಅಗ್ಗಿಷ್ಟಿಗೆ ಆರದಂತೆ ನೋಡಬೇಕು, ಕೂಸಿಗೂ ತಾಯಿಗೂ ಎಣ್ಣೆ ತಿಕ್ಕಬೇಕು. ತುಪ್ಪ, ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ಒಣಶುಂಠಿ, ಹಿಪ್ಪಲಿ, ಅಜವಾನ ಸಂತೆಯಿಂದ ಬರಬೇಕು. ಒಬ್ಬಳು ಮಲಗಲು ಇನ್ನೊಬ್ಬಳು ಪೂರ್ತಿ ಎಚ್ಚರಾಗಿರಬೇಕಿತ್ತು. ಮನೆಯ ಕಟ್ಟಡವೂ ಸಾಕ್ಷಿ ಹೇಳುತ್ತದೆ. ಒಕ್ಕಲುತನದ ದೊಡ್ಡ ಮಾಳಿಗೆ ಮನೆಗಳಲ್ಲಿ ಪಡಸಾಲೆ ದಾಟಿದ ಮೇಲೆ ಕಾಳುಕಡಿ ಇಡುವ ಕತ್ತಲೆಯ ಕೋಣೆಯೊಂದು ಇರುತ್ತದೆ. ಹೊರಸು ಬೀಳುತ್ತಿದ್ದುದು ಅಲ್ಲೇ. ಊರ ಹೊರಗಿನ ಕೇರಿಯ ಒಂದಂಕಣದ ಗುಡಿಸಲಿನಲ್ಲಿ ಒಳಗೆ ಎಂಬುದೇ ಇರಲಿಲ್ಲ.

ಅದಕ್ಕೇ ತವರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಕಟ್ಟನ್ನು ಮಮತೆಯ ಮಾತಾಗಿ ಹೇಳುವುದು ರೂಢಿ. ಮಮತೆ ಇತ್ತು, ಆದರೆ ಕಟ್ಟಿನ ಒಳಗೊಂದು ಹಂಚಿಕೆಯೂ ಇತ್ತು. ಗಂಡನ ಮನೆಗೆ ಸೊಸೆಯೆಂದರೆ ದುಡಿಯುವ ಕೈ, ಆ ಕೈ ಅಲ್ಲಿರುವತನಕ ಸುಮ್ಮನಿರಲು ಬಿಡುವುದು ಕಷ್ಟ. ಆಕೆಯನ್ನು ಊರು ಬಿಡಿಸಿದರೆ ಮಾತ್ರ ವಿಶ್ರಾಂತಿ ಖಾತ್ರಿ. ಅದರ ಖರ್ಚು ತವರಿನದು, ಬಾಣಂತನ ಮಾಡುವ ದುಡಿಮೆ ತಾಯಿಯದು. ಸೋದರಮಾವ, ಸೋದರತ್ತೆ ಮಕ್ಕಳೊಳಗೆ ಮದುವೆ ಹೆಚ್ಚಾಗಿರುವ ಈ ಭಾಗದಲ್ಲಿ ತವರು ಬಹಳ ದೂರದ್ದೂ ಆಗಿರಲಿಲ್ಲ. ಎತ್ತಿನ ಬಂಡಿ ಕಟ್ಟಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟಬಹುದಾದ ಊರು. ಭೀಮೆಯ ಆಚೆ ದಂಡೆಯ ಇಂಡಿ ಸೀಮೆಯ ಹಲಸಂಗಿ ಗೆಳೆಯರು ಹೆಂಗಸರ ಬಾಯಿಂದ ಬರೆದುಕೊಂಡು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಗ್ರಹದಲ್ಲಿ ತವರು, ಅಣ್ಣತಮ್ಮಂದಿರು, ಕೂಸು, ತೊಟ್ಟಿಲು ಮತ್ತೆ ಮತ್ತೆ ಬರುತ್ತವೆ. ಈ ಬಗೆಯ ಹಾಡುಗಳನ್ನು ಹೆಂಗಸರು ಹೆಚ್ಚಾಗಿ ಹಾಡಿದ್ದು ಬೀಸುವ ಕಲ್ಲಿನ ಮುಂದೆ ಕೂತು. ತವರನ್ನು ನೆನೆದವಳ ಕೈ ಆ ಹೊತ್ತಿಗೆ ಗಂಡನ ಮನೆಯ ಜೋಳ ಬೀಸುತ್ತಿತ್ತು. ಆ ಹಾಡುಗಳನ್ನು ಭಾವುಕತೆ ಎಂದಷ್ಟೇ ಓದಿದರೆ ಅವುಗಳ ಲೌಕಿಕ ಗಟ್ಟಿತನ ಕೈಜಾರುತ್ತದೆ. ಎರಡನೆಯ, ಮೂರನೆಯ ಹೆರಿಗೆಗೆ ತವರಿನ ಹೊಣೆ ಸಡಿಲವಾಗುತ್ತಿತ್ತು, ರಜೆಯ ದಿನಗಳೂ ಹಾಗೆಯೇ ಮೊಟಕಾಗುತ್ತಿದ್ದವು. ಹಡೆದ ಮೈ ಮಾತ್ರ ಮೂರನೆಯ ಸಲಕ್ಕೆ ಹೆಚ್ಚು ದಣಿದಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬೇಕು, ಮತ್ತು ಅದು ನ್ಯಾಯವಾದದ್ದು. ಮೈಲಿಗೆ ಬರಿಯ ನೆಪವಾಗಿದ್ದರೆ ಸೂಲಗಿತ್ತಿಯ ಸ್ಥಿತಿ ಹಾಗೇಕಿತ್ತು? ಸ್ವಂತ ಜಾತಿಯ ಅನುಭವಸ್ಥ ಮುದುಕಿಯರೂ ಹೆರಿಗೆ ಮಾಡಿಸುತ್ತಿದ್ದರು, ನಿಜ. ಆದರೆ ಬಹಳ ಊರುಗಳಲ್ಲಿ ಹೊಕ್ಕುಳಬಳ್ಳಿ ಕೊಯ್ಯುವುದು, ಮಾಸು ಹುಗಿಯುವುದು, ರಕ್ತದ ಅರಿವೆ ಒಗೆಯುವುದು ಕೇರಿಯ ಹೆಣ್ಣುಮಗಳ ಪಾಲಿಗೆ ಬಿಟ್ಟ ಕೆಲಸಗಳಾಗಿದ್ದವು. ಕೂಸಿನ ಮೈಯನ್ನು ಮೊದಲು ಮುಟ್ಟಿದ ಕೈಯನ್ನು ಮೈಲಿಗೆ ಕಳೆದ ಮರುದಿನದಿಂದ ನಡುಮನೆಯ ಒಳಗೆ ಬಿಡುತ್ತಿರಲಿಲ್ಲ. ಆ ಮೈಲಿಗೆ ಸುಳ್ಳೆಂದು ಹೇಳಲಾಗದು, ಅದು ಒಬ್ಬಳ ಬದುಕನ್ನೇ ಹಿಂಡಿದೆ. ಆದರೆ ಈ ಸಂಗತಿ ನನ್ನ ವಾದವನ್ನು ಕೆಡಿಸುವ ಬದಲು ಬಲಪಡಿಸುತ್ತದೆ ಎಂದೇ ತೋರುತ್ತದೆ. ಒಬ್ಬಳ ವಿಶ್ರಾಂತಿಯ ಹಿಂದೆ ಇನ್ನೊಬ್ಬಳ ದುಡಿಮೆ ಇರಲೇಬೇಕು, ಮತ್ತು ಆ ದುಡಿಮೆಗೆ ಅಗ್ಗದ ಬೆಲೆ ಕಟ್ಟಲು ಮೈಲಿಗೆ ಬಹಳ ಅನುಕೂಲದ ಸಾಧನ. ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ ಎಲ್ಲರಿಗೂ ಕಣದಲ್ಲಿ ಪಾಲಿತ್ತು. ಸೂಲಗಿತ್ತಿಯ ಹೆಸರಿನಲ್ಲಿ ಅಂಥ ಪಾಲು ಇರಲಿಲ್ಲ. ಆಕೆಗೆ ಸಿಗುತ್ತಿದ್ದುದು ಸೇರಿನ ಲೆಕ್ಕದ ಜೋಳ, ಒಂದು ಕುಬಸದ ಕಣ, ಟೆಂಗಿನಕಾಯಿ, ಎಲೆ-ಅಡಿಕೆ. ಗಂಡಾದರೆ ಕೈ ಸ್ವಲ್ಪ ಧಾರಾಳ. ಹಕ್ಕಿನ ಪಾಲಿಗೂ ಖುಷಿಯ ಕಾಣಿಕೆಗೂ ಇರುವ ಅಂತರ ಊರಿಗೆ ಚೆನ್ನಾಗಿ ಗೊತ್ತಿತ್ತು.

ಗ್ರಹದ ವಿವರಣೆಯಲ್ಲಿ ಇದಕ್ಕಿಂತ ಹೆಚ್ಚಿನ ತಿರುಳಿದೆ. ಐದನೆಯ ಅಥವಾ ಆರನೆಯ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆಂಬ ನಂಬಿಕೆ ಇಡೀ ಉತ್ತರ ಕರ್ನಾಟಕದ್ದು. ಗಡಿಯಾಚೆಯ ಮರಾಠಿ ಮಂದಿಗೆ ಅವಳು ಸಟವಾಯಿ, ಸಂಸ್ಕೃತದಲ್ಲಿ ಷಷ್ಠೀ. ಆ ರಾತ್ರಿ ದೀಪ ಆರಬಾರದು, ಯಾರಾದರೂ ಎಚ್ಚರಿರಬೇಕು. ಹಸುಗೂಸುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದೊಳಗೇ ಆಗುತ್ತದೆ ಎಂದು ಇಂದಿನ ಅಂಕಿಅಂಶಗಳು ಹೇಳುತ್ತವೆ. ಹೊಕ್ಕುಳಿನ ಮೂಲಕ ಬರುವ ಧನುರ್ವಾಯು ಹುಟ್ಟಿದ ಕೆಲವು ದಿನಗಳ ಮೇಲೆ, ಹೆಚ್ಚಾಗಿ ಒಂದು ವಾರದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯತನಕ ಚೆನ್ನಾಗಿ ಮೊಲೆಯುಣ್ಣುತ್ತಿದ್ದ ಕೂಸು ಬಾಯಿ ಬಿಗಿದು, ಮೈ ಬಿಲ್ಲಾಗಿ ಸೆಟೆದು ಸಾಯುತ್ತದೆ. ಯಾವುದೋ ಹೊರಗಿನ ಶಕ್ತಿ ಹಿಡಿಯಿತು ಎಂದಲ್ಲದೆ ನೋಡಿದವರು ಬೇರೇನು ತಿಳಿಯಬೇಕಿತ್ತು? ಪಂಡಿತರೂ ಹಾಗೆಯೇ ತಿಳಿದರು. ಹಳಗನ್ನಡದ ವೈದ್ಯಗ್ರಂಥಗಳಲ್ಲಿ ದೇವೇಂದ್ರಮುನಿಯ 'ಬಾಲಗ್ರಹ ಚಿಕಿತ್ಸೆ' ಎಂಬುದೇ ಒಂದಿದೆ. ಸುಶ್ರುತ ಸಂಹಿತೆ ಬಾಲಗ್ರಹಗಳನ್ನು ಹೆಸರಿಟ್ಟು ವಿಂಗಡಿಸುತ್ತದೆ, ಹೆತ್ತವಳು ಒಂದೂವರೆ ತಿಂಗಳು ಸೂತಿಕೆಯಾಗಿ ಪಥ್ಯದಲ್ಲಿರಬೇಕೆಂದೂ ಹೇಳುತ್ತದೆ. ಅಪಾಯ ಯಾವಾಗ ಬರುತ್ತದೆ ಎಂಬುದನ್ನು ಈ ಪರಂಪರೆ, ಓದುಬರಹದ್ದೂ ಹೊಲಮನೆಯದ್ದೂ, ಕರಾರುವಾಕ್ಕಾಗಿ ಗುರುತಿಸಿತ್ತು. ಎಲ್ಲಿಂದ ಬರುತ್ತದೆ ಎಂಬುದು ಅದಕ್ಕೆ ಕಾಣಲಿಲ್ಲ. ಬಳ್ಳಿ ಕೊಯ್ದ ಕುಡುಗೋಲು, ಗಾಯಕ್ಕೆ ಒತ್ತಿದ ಬೂದಿ ಅಥವಾ ಸಗಣಿಯೇ ಗ್ರಹವನ್ನು ಒಳಗೆ ಕರೆತರುತ್ತಿತ್ತು. ಐದನೆಯ ರಾತ್ರಿ ಬಾಗಿಲು ಕಾದವರು ಮೊದಲ ದಿನವೇ ಒಳಗೆ ಹೊಕ್ಕದ್ದನ್ನು ಕಾಯುತ್ತಿದ್ದರು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿ, ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಳ್ಳಿಹಳ್ಳಿಗೆ ಮುಟ್ಟಿ, ಹೊಸ ಬ್ಲೇಡು ಬಳಕೆಗೆ ಬಂದು, ಕೊನೆಗೆ 2015ರಲ್ಲಿ ಭಾರತದಲ್ಲಿ ತಾಯಿ-ಶಿಶುಗಳ ಧನುರ್ವಾಯು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು.

ಹಾಗಾದರೆ ಈ ಪದ್ಧತಿಯನ್ನು ರಜೆಯೆಂದು ಗೌರವಿಸುವುದು ಅದರ ಕೇಡುಗಳಿಗೆ ಹೊದಿಕೆ ಹಾಕಿದಂತಲ್ಲವೇ ಎಂದು ವೈದ್ಯರು ಕೇಳಬಹುದು. ಕೇಡುಗಳು ಸಣ್ಣವಲ್ಲ. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಕೂಸಿಗೆ ಬೆಲ್ಲದ ನೀರು, ಜೇನು, ಔಡಲೆಣ್ಣೆ ನೆಕ್ಕಿಸಿದ್ದಾರೆ. ರೋಗ ತಡೆಯುವ ಶಕ್ತಿ ಇದ್ದದ್ದೇ ಆ ಹಾಲಿನಲ್ಲಿ. ಹೊಟ್ಟೆ ದೊಡ್ಡದಾಗುತ್ತದೆ ಎಂದು ಹಾಲೂಡಿಸುವ ತಾಯಿಗೆ ನೀರು ಕಡಿಮೆ ಕೊಟ್ಟಿದ್ದಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಲೋಬಾನ, ಅಜವಾನದ ಹೊಗೆ ಹಾಕಿ ಎಳೆಯ ಎದೆಗಳನ್ನು ನೋಯಿಸಿದ್ದಾರೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುವಾಗಲೂ ಹೊರಸಿನ ಕೆಳಗೆ ಕೆಂಡ ಇಟ್ಟಿದ್ದಾರೆ. ಶಾಸ್ತ್ರ ಒಮ್ಮೆ ಕೂತುಬಿಟ್ಟರೆ ಹವೆಯನ್ನೂ ನೋಡುವುದಿಲ್ಲ. ಇವನ್ನೆಲ್ಲ ಸಮರ್ಥಿಸಲು ಪಾರಂಪರಿಕ ಜ್ಞಾನದ ಹೆಸರು ಹೇಳುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಆದರೆ ಈ ಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಇವೆಲ್ಲ ಏನು ತಿನ್ನಿಸಬೇಕು, ಏನು ಹಚ್ಚಬೇಕು ಎಂಬ ಔಷಧೋಪಚಾರದ ತಪ್ಪುಗಳು. ತಾಯಿಗೆ ಭಾರದ ಕೆಲಸ ಇಲ್ಲ, ತಾಯಿ-ಕೂಸು ಒಂದೇ ಹೊರಸಿನ ಮೇಲೆ ಮೈಗೆ ಮೈ ಹತ್ತಿ ಮಲಗಬೇಕು, ಹೊರಗಿನ ಮಂದಿ ಕೂಸನ್ನು ಎತ್ತಬಾರದು, ಕುಂಚಿಗೆ ಹಾಕಿ ತಲೆ ಬೆಚ್ಚಗಿಡಬೇಕು, ಆಕೆಯ ಪಾಲಿಗೆ ತುಪ್ಪ-ಕೊಬ್ಬರಿಯ ಊಟ ತೆಗೆದಿಡಬೇಕು. ವಿಶ್ರಾಂತಿಯ ಭಾಗದಲ್ಲಿದ್ದ ಈ ನಿಯಮಗಳಲ್ಲಿ ಒಂದನ್ನೂ ಇಂದಿನ ಶಿಶುವೈದ್ಯರು ಅಳಿಸಬೇಕಾಗಿಲ್ಲ. ಔಷಧ ಕೆಟ್ಟದ್ದು, ರಜೆ ಒಳ್ಳೆಯದು. ಎರಡೂ ಒಂದೇ ಗಂಟಿನಲ್ಲಿ ಬಂದವು.

ಇಷ್ಟು ಹೊತ್ತು ಹೇಳಿದ್ದೆಲ್ಲ ಗಂಟು ಸಿಕ್ಕವರ ಕತೆ. ಸಿಗದವರ ಕತೆಗೆ ಕಾಗದ ಕಡಿಮೆ, ಆದರೆ ಊಹೆಗೆ ಬಿಡಬೇಕಾದಷ್ಟು ಕಡಿಮೆಯಲ್ಲ. 1948ರತನಕ ಈ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು, ಜಾಗೀರುಗಳು ರದ್ದಾದದ್ದು 1949ರಲ್ಲಿ. ಜೀತ, ಬಿಟ್ಟಿ ಎರಡೂ ಊರಿನ ನಿತ್ಯದ ಸಂಗತಿಗಳಾಗಿದ್ದವು. ಸಾಲಕ್ಕೆ ಕಟ್ಟುಬಿದ್ದು ದುಡಿಯುವ ಭಾಗೇಲಾ ಕರಾರುಗಳಿಗೆ ಮಿತಿ ಹಾಕಲು ಹೈದರಾಬಾದ್ ಸರ್ಕಾರ 1936ರಲ್ಲಿ ಕಾಯಿದೆ ತರಬೇಕಾಯಿತು ಎಂದರೆ ಅದರ ಹರವು ತಿಳಿಯುತ್ತದೆ. ಕೂಲಿ ಕಾಳಿನ ರೂಪದಲ್ಲಿತ್ತು. ತೊಗರಿ, ಬಿಳಿಜೋಳದ ಸುಗ್ಗಿ ಬರುವುದು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ. ಕೂಲಿಯ ಮನೆ ವರ್ಷದ ಹೆಚ್ಚಿನ ಕಾಳನ್ನು ಕೂಡಿಸಿಕೊಳ್ಳುವುದು ಆ ಕೆಲವೇ ವಾರಗಳಲ್ಲಿ. ಸಂಕ್ರಾಂತಿಯ ಆಚೀಚೆ ಹಡೆದವಳು 40 ದಿನ ಮಲಗಿದರೆ ಮನೆ ಬೇಸಿಗೆಯಲ್ಲಿ ಉಪವಾಸ. ಹೀಗಾಗಿ ಎಳೆಗೂಸನ್ನು ಬದುವಿನ ಗಿಡಕ್ಕೆ ಜೋಳಿಗೆ ಕಟ್ಟಿ ತೂಗಿ ಕೊಯ್ಲಿಗೆ ನಿಂತ ಹೆಂಗಸರ ಚಿತ್ರ ಈ ಕಡೆಯ ಯಾರಿಗೂ ಹೊಸದಲ್ಲ. ಕೇರಿಯ ಬಾಣಂತಿಗೆ ಇನ್ನೊಂದು ತೊಡಕು ನೀರಿನದು. ಊರ ಬಾವಿಗೆ ಕೊಡ ಇಳಿಸುವ ಹಕ್ಕಿಲ್ಲದವಳು ಮೇಲಿನವರು ಸುರಿಯುವತನಕ ಕಾದು ನಿಲ್ಲಬೇಕು. ಹಂಡೆಗಟ್ಟಲೆ ಬಿಸಿನೀರಿನ ಶಾಸ್ತ್ರ ಅಂಥವಳಿಗೆ ಹೇಗೆ ನಡೆದೀತು? 1876-78ರ ಬರ ಈ ಸೀಮೆಯನ್ನೂ ಬಿಡಲಿಲ್ಲ. ಕಾಳಿಗಾಗಿ ಊರು ಬಿಟ್ಟು ದಾರಿ ಹಿಡಿದವರಲ್ಲಿ ಬಸುರಿ-ಬಾಣಂತಿಯರ ಲೆಕ್ಕವನ್ನು ಬೇರೆಯಾಗಿ ಯಾರೂ ಇಡಲಿಲ್ಲ. ಕೆಳಜಾತಿಯ ಹೆಂಗಸರು ಗಟ್ಟಿಮುಟ್ಟು, ಅವರಿಗೆ ಬಾಣಂತನ ಬೇಡ, ಹಡೆದ ಮೂರನೆಯ ದಿನಕ್ಕೆ ಎದ್ದು ಓಡಾಡುತ್ತಾರೆ ಎಂಬ ಮೆಚ್ಚುಗೆಯ ಮಾತೊಂದು ಊರಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ರಜೆ ಕೊಡದವರು ಕಟ್ಟಿದ ಮಾತು ಅದು.

ನಿಜಾಮರ ಕಾಲದಲ್ಲೇ ಗಡಿಯಾಚೆ ಬೇರೊಂದು ಪ್ರಯೋಗ ನಡೆಯಿತು. ಅಫಜಲಪುರ, ಆಳಂದದ ಮಂದಿಗೆ ಸೊಲ್ಲಾಪುರ ದೂರವಲ್ಲ. ಬರ ಬಂದಾಗಲೆಲ್ಲ ಅಲ್ಲಿನ ಬಟ್ಟೆ ಗಿರಣಿಗಳ ದಾರಿ ಹಿಡಿದವರು ಉಂಟು. ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತ 1929ರಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆಯ ಕಾಯಿದೆ ತಂದಿತು. ಭಾರತದಲ್ಲಿ ಅದೇ ಮೊದಲನೆಯದು. ಹಡೆದ ಮೇಲೆ 4 ವಾರ ಆಕೆಯಿಂದ ಕೆಲಸ ಮಾಡಿಸಕೂಡದು, ಆ ಅವಧಿಗೆ ಭತ್ಯೆ ಕೊಡಬೇಕು ಎಂಬುದು ಅದರ ಸಾರ. ಮಸೂದೆ ಚರ್ಚೆಗೆ ಬಂದಾಗ, 1928ರ ಜುಲೈನಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಅದನ್ನು ಬೆಂಬಲಿಸಿ ಮಾತಾಡಿದವರಲ್ಲಿ ಅಂಬೇಡ್ಕರರೂ ಒಬ್ಬರು. ಹೆರಿಗೆಯ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೇ ಬೇಕಾದದ್ದು, ಆದ್ದರಿಂದ ಅದರ ಹೊರೆಯ ದೊಡ್ಡ ಪಾಲು ಸರ್ಕಾರದ್ದು, ದುಡಿಸಿಕೊಂಡ ಮಾಲೀಕನೂ ತನ್ನ ಪಾಲು ಹೊರಬೇಕು ಎಂಬುದು ಅವರ ವಾದ. ತವರು ಹೊತ್ತಿದ್ದ ಖರ್ಚಿಗೆ ಮೊದಲ ಬಾರಿ ಬೇರೆ ಹೆಗಲುಗಳನ್ನು ತೋರಿಸಿದ ಮಾತದು. ಅದರ ಫಲ ಸೀಮಿತವಾಗಿತ್ತು. ಮುಂದಿನ ದಶಕಗಳಲ್ಲಿ ಮುಂಬಯಿಯ ಗಿರಣಿಗಳಲ್ಲಿ ಹೆಂಗಸರ ಪ್ರಮಾಣವೇ ಇಳಿಯುತ್ತ ಹೋಯಿತು. ಹೊಲದ ಕೂಲಿಯವಳು ಗಡಿಯ ಆಚೆಗಿರಲಿ ಈಚೆಗಿರಲಿ ಕಾಯಿದೆಯ ಹೊರಗೇ ಉಳಿದಳು. 1961ರ ಕೇಂದ್ರ ಕಾಯಿದೆ ರಜೆಯನ್ನು ದೇಶಕ್ಕೆಲ್ಲ ಹರಡಿತು, 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿತು. ತೊಗರಿ ಹೊಲದಲ್ಲಿ ಕಳೆ ಕೀಳುವವಳಿಗೆ ಎರಡರಿಂದಲೂ ಒಂದು ದಿನದ ರಜೆಯೂ ದಕ್ಕಲಿಲ್ಲ.

ಸ್ವಾತಂತ್ರ್ಯದ ನಂತರದ ಸರ್ಕಾರಗಳು ಹೆಚ್ಚು ಲಕ್ಷ್ಯ ಕೊಟ್ಟದ್ದು ಹೆರಿಗೆಯ ದಿನಕ್ಕೆ. ಆ ದಿನವೇ ಹೆಚ್ಚು ಜೀವ ತೆಗೆಯುತ್ತಿದ್ದುದರಿಂದ ಅದು ಸರಿಯಾದ ಆಯ್ಕೆಯೂ ಹೌದು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಆಂಬುಲೆನ್ಸ್ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಶಿಶುಮರಣ ಸಾವಿರಕ್ಕೆ ಸುಮಾರು 25ಕ್ಕೆ ಇಳಿದಿತ್ತು. 1992-93ರ ಮೊದಲ ಸಮೀಕ್ಷೆಯಲ್ಲಿ ಅದು 65ರಷ್ಟಿತ್ತು. ಸೂಲಗಿತ್ತಿಯ ಕಸುಬು ಹೀಗೆ ಒಂದೇ ತಲೆಮಾರಿನಲ್ಲಿ ಮುಗಿಯಿತು, ಅದರೊಂದಿಗೆ ಕುಡುಗೋಲೂ ಹೋಯಿತು. ಆದರೆ ಆಸ್ಪತ್ರೆ ಬಾಣಂತಿಯನ್ನು ಇಟ್ಟುಕೊಳ್ಳುವುದು 48 ಗಂಟೆ, ಹೊಲಿಗೆ ಬಿದ್ದಿದ್ದರೆ ಇನ್ನೊಂದಿಷ್ಟು ದಿನ. ಮೂರನೆಯ ದಿನದಿಂದ 40ನೆಯ ದಿನದತನಕದ ಹೊಣೆ ಮೊದಲಿದ್ದ ಕಡೆಯೇ ಇದೆ. ರಾಜ್ಯ ಸರ್ಕಾರ 2007ರಲ್ಲಿ ಶುರುಮಾಡಿದ ಮಡಿಲು ಯೋಜನೆ ಈ ಅಂತರವನ್ನು ಸ್ವಲ್ಪಮಟ್ಟಿಗೆ ಗ್ರಹಿಸಿತ್ತು ಎನ್ನಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹಡೆದ ಬಡ ತಾಯಂದಿರಿಗೆ ಸೊಳ್ಳೆಪರದೆ, ಸೋಪು, ಎಣ್ಣೆ, ಕೂಸಿನ ಟೋಪಿ-ಸ್ವೆಟರು ಮುಂತಾದ 19 ವಸ್ತುಗಳ ಚೀಲ ಕೊಡುತ್ತಿದ್ದ ಯೋಜನೆ ಅದು. ತವರು ಕೊಡುತ್ತಿದ್ದ ಗಂಟನ್ನು ಸರ್ಕಾರ ಕೊಟ್ಟಿತು. ಗಂಟು ಬಿಚ್ಚಿ ಬಾಣಂತನ ಮಾಡುವ ಕೈಗಳನ್ನು ಕೊಡುವುದು ಅದರಿಂದ ಆಗುವ ಮಾತಾಗಿರಲಿಲ್ಲ.

ಮನೆಯಲ್ಲಿ ಕಳೆಯುವ ಆ ವಾರಗಳಿಗೆ ಎಷ್ಟು ತೂಕ ಎಂಬುದನ್ನು ತೋರಿಸಿಕೊಟ್ಟದ್ದು ಇದೇ ದಖ್ಖನಿನ ಇನ್ನೊಂದು ಮೂಲೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ 39 ಹಳ್ಳಿಗಳಲ್ಲಿ ಊರ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಗೆ ಹೋಗಿ ಹಸುಗೂಸುಗಳನ್ನು ತೂಗಿ, ಉಸಿರು ಎಣಿಸಿ, ನಂಜು ಗುರುತಿಸಿ ಔಷಧ ಕೊಡುವ ಏರ್ಪಾಡು ಮಾಡಿದರು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಹಸುಗೂಸುಗಳ ಮರಣ ಮೂರು ವರ್ಷದಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅದರ ಮಾದರಿಯಲ್ಲಿ 2011ರಿಂದ ದೇಶದಲ್ಲೆಲ್ಲ ಆಶಾ ಕಾರ್ಯಕರ್ತೆಯರು ಹಡೆದ ಮೂರು, ಏಳು, 14, 21, 28, 42ನೆಯ ದಿನ ಬಾಣಂತಿಯ ಮನೆಗೆ ಹೋಗುತ್ತಾರೆ. ಆ ಇಡೀ ಸರದಿಗೆ ಅವರಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಸರ್ಕಾರದ ಲೆಕ್ಕ 42ಕ್ಕೆ ಬಂದು ನಿಂತದ್ದನ್ನು ನೋಡಿ ನಮ್ಮ ಅಜ್ಜಿಯರು ಹೇಳಿದ್ದೇ ನಿಜವಾಯಿತಲ್ಲ ಎಂದು ಹಿಗ್ಗುವವರಿದ್ದಾರೆ. ಗರ್ಭಕೋಶ ತನ್ನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಅದನ್ನು ಅಜ್ಜಿಯರೂ ಕಂಡಿದ್ದರು, ವೈದ್ಯಶಾಸ್ತ್ರವೂ ಕಂಡಿತು, ಹಿಗ್ಗಲು ಅಷ್ಟೇನೂ ಇಲ್ಲ. ಗಮನಿಸಬೇಕಾದದ್ದು ಆ 250 ರೂಪಾಯಿಯನ್ನು. ಸೂಲಗಿತ್ತಿಯ ಸೇರು ಜೋಳದ ಹಾಗೆ ಇದೂ ಕಾಣಿಕೆಯ ಅಳತೆಯಲ್ಲೇ ಇದೆ.

ಇದರ ನಡುವೆ ಬಾಣಂತನದ ಹಳೆಯ ಆಧಾರವೇ ಕುಸಿಯುತ್ತಿದೆ. ಈ ತಾಲ್ಲೂಕುಗಳಿಂದ, ಅದರಲ್ಲೂ ತಾಂಡಾಗಳಿಂದ, ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ವರ್ಷವರ್ಷದ ಮಾತು. ಮಗಳೊಬ್ಬಳೇ ಹೋಗುವುದಲ್ಲ, ತಾಯಿಯೂ ಯಾವುದೋ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಬಾಗಿಲಿಗೆ ಬೀಗ ಬಿದ್ದ ತವರಿಗೆ ಬಾಣಂತಿ ಬಂದು ಮಾಡುವುದೇನು? ತಗಡಿನ ಶೆಡ್ಡಿನಲ್ಲಿ ಮಲಗಿದವಳ ಕೂಸನ್ನು ತೂಗಲು ಯಾವ ಊರಿನ ಆಶಾ ಬರಬೇಕು? ಆಕೆಯ ತಾಯಿ ಕಾರ್ಡ್ ಜೇವರ್ಗಿಯ ಉಪಕೇಂದ್ರದಲ್ಲಿ, ಆಕೆ ಪುಣೆಯ ಹಿಂಜೇವಾಡಿಯಲ್ಲಿ. ಸರ್ಕಾರ ಈ ಖರ್ಚಿಗೆ ಹಾಕಿರುವ ಪಾಲನ್ನು ರೂಪಾಯಿಯಲ್ಲೇ ಅಳೆಯಬಹುದು. 2013ರ ಆಹಾರ ಭದ್ರತಾ ಕಾಯಿದೆ ಬಸುರಿ-ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ಭತ್ಯೆಯನ್ನು ಹಕ್ಕೆಂದು ಬರೆಯಿತು. 2017ರ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ, ಕಂತುಗಳಲ್ಲಿ, 5,000ಕ್ಕೆ ಇಳಿಸಿತು. 2022ರ ನಂತರ ಎರಡನೆಯದು ಹೆಣ್ಣಾದರೂ ಸಿಗುತ್ತದೆ. ಚೊಚ್ಚಲಿಗೆ ಧಾರಾಳ, ಮೂರನೆಯದಕ್ಕೆ ಏನೂ ಇಲ್ಲ ಎಂಬ ತವರಿನ ಲೆಕ್ಕ ಇಲ್ಲೂ ಮುಂದುವರಿದಿದೆ. ಕರ್ನಾಟಕದಲ್ಲಿ 2024-25ರ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಆ ದರದಲ್ಲಿ 5,000 ರೂಪಾಯಿ ಎಂದರೆ 14 ದಿನದ ಕೂಲಿ. 40 ದಿನದ ಬಾಣಂತನದಲ್ಲಿ ಉಳಿದ 26 ದಿನಗಳ ಖರ್ಚು 9,000 ರೂಪಾಯಿ ದಾಟುತ್ತದೆ. ಅದನ್ನು ಈಗ ಹೊರುತ್ತಿರುವವಳು ಹಡೆದವಳೇ, ಮೂರನೆಯ ವಾರಕ್ಕೆ ಕೆಲಸಕ್ಕೆ ಮರಳುವ ಮೂಲಕ.